ಒಂದೇ ಯಾಗಿ, ಮೂವರು ಹ್ಯಾಮ್‌ಗಳು: ಚಂದ್ರನ ಕಾಂಟೆಸ್ಟಿಗೆ ಕೂತವರು ಅನುಭವ ಹೇಳಿ

ಗಂಗಾವತಿಯಿಂದ ಕೇಳಿದ್ದು

ನಾವು ಮೂವರು, ಮೂವರಿಗೂ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ಇದೆ. 144 ಮೆಗಾಹರ್ಟ್ಸ್‌ಗೆ ಉದ್ದನೆಯ ಯಾಗಿ ಆಂಟೆನಾ ಒಂದಿದೆ. ಸುತ್ತ ತಿರುಗಿಸಲು ರೋಟರ್ ಇದೆ, ಮೇಲೆ ಕೆಳಗೆ ಎತ್ತುವುದಕ್ಕೆ ಏನೂ ಇಲ್ಲ. ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್‌ನವರ ಇಎಂಇ ಕಾಂಟೆಸ್ಟಿಗೆ, ಅಂದರೆ ಚಂದ್ರನಿಂದ ಸಿಗ್ನಲ್ ಪುಟಿಸಿ ಮಾತಾಡುವ ಸ್ಪರ್ಧೆಗೆ, ಈ ಸಲ ಕೂರುವ ಆಸೆ. ದೊಡ್ಡ ಆಂಪ್ಲಿಫೈಯರ್ ತರಿಸೋಣವೇ, ಇನ್ನೂ ಮೂರು ಯಾಗಿ ಕಟ್ಟೋಣವೇ? ದುಡ್ಡು ಒಂದಕ್ಕೆ ಮಾತ್ರ ಇದೆ.

ಬಳ್ಳಾರಿಯಿಂದ

ಈ ವರ್ಷ ಎರಡೂ ಬೇಡ. ದುಡ್ಡು ಕೇಳಿಸಿಕೊಳ್ಳುವ ಕಡೆಗೆ ಹಾಕಿ. ಒಳ್ಳೆಯ ಪ್ರಿ-ಆಂಪ್ (ಬಂದ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಪೆಟ್ಟಿಗೆ) ತಂದು ಕಂಬದ ಮೇಲೆ, ಯಾಗಿಯ ಬುಡದಲ್ಲೇ ಕೂರಿಸಿ. ಕೆಳಗೆ ಟೇಬಲ್ ಮೇಲಿಟ್ಟರೆ ಕೇಬಲ್ಲು ನುಂಗಿದ್ದನ್ನು ಅದು ವಾಪಸ್ ಕೊಡುವುದಿಲ್ಲ. ಜೊತೆಗೆ ಸೀಕ್ವೆನ್ಸರ್ ಇರಲೇಬೇಕು. ಪಿಟಿಟಿ (ಸಿಗ್ನಲ್ ಕಳಿಸುವ ಗುಂಡಿ) ಒತ್ತಿದಾಗ ಮೊದಲು ಪ್ರಿ-ಆಂಪನ್ನು ದಾರಿಯಿಂದ ಸರಿಸುವ ಮೇಲಿನ ರಿಲೇ ಟಕ್ ಅನ್ನಬೇಕು, ಆಮೇಲೆ ಪವರ್ ಹೋಗಬೇಕು. ಈ ಕ್ರಮ ತಪ್ಪಿದರೆ ಪ್ರಿ-ಆಂಪ್ ಅಲ್ಲೇ ಸುಟ್ಟಿತು ಅನ್ನಿ.

ಯಾಗಿ ಎತ್ತಲಾಗುವುದಿಲ್ಲ ಅಂತ ಬೇಸರ ಬೇಡ. ಚಂದ್ರ ಹುಟ್ಟುವಾಗ, ಮುಳುಗುವಾಗ ನೆಲದಿಂದ ಪುಟಿದ ಸಿಗ್ನಲ್ಲೂ ನೇರ ಬಂದದ್ದರ ಜೊತೆ ಸೇರುತ್ತದೆ. ಎಲ್ಲ ಕೂಡಿಬಂದರೆ 6 ಡೆಸಿಬಲ್‌ವರೆಗೆ ಲಾಭ. ಅಂದರೆ ನೀವು ಕಟ್ಟಬೇಕೆಂದಿರುವ ನಾಲ್ಕು ಯಾಗಿಯ ಲಾಭ ಪುಕ್ಕಟೆ. ಯಾಗಿಯ ಕಡ್ಡಿಗಳು ಅಡ್ಡ ಇರಲಿ, ಮುಂದೆ ಸಪಾಟು ಬಯಲಿರಲಿ. ನೀರು ನಿಂತ ಗದ್ದೆಯೇ ಬೇಕೆಂದಿಲ್ಲ, ಎರೆಹೊಲವೂ ನಡೆಯುತ್ತದೆ. ನಮ್ಮೂರಲ್ಲಿ ಗುಡ್ಡ ಅಡ್ಡ ಬರುತ್ತದೆ ಅಂತಲೇ ನಾವು ಸಿರುಗುಪ್ಪದ ಕಡೆ ಹೊಲಕ್ಕೆ ಹೋಗುತ್ತೇವೆ. 6 ಮೀಟರ್ ಎತ್ತರಕ್ಕೆ ಕಟ್ಟಿದರೆ ಚಂದ್ರ ಸುಮಾರು 5 ಡಿಗ್ರಿ ಏರಿದಾಗ ಸಿಗ್ನಲ್ ಅತಿ ಜೋರು.

ತೊಂದರೆ ಏನೆಂದರೆ, ನಮ್ಮ ಸೀಮೆಯಲ್ಲಿ ಚಂದ್ರ ಯೂರೋಪಿನಲ್ಲಿ ಹಾಗೆ ಓರೆಯಾಗಿ ಏರುವುದಿಲ್ಲ, ಹೆಚ್ಚುಕಮ್ಮಿ ನೆಟ್ಟಗೆ ಏರುತ್ತಾನೆ. 10 ಡಿಗ್ರಿ ದಾಟಲು ಸುಮಾರು ಮುಕ್ಕಾಲು ಗಂಟೆ ಸಾಕು. ಹುಟ್ಟುವಾಗೊಂದು, ಮುಳುಗುವಾಗೊಂದು, ದಿನಕ್ಕೆ ಅಷ್ಟೇ ನಿಮ್ಮ ಆಟ. ಒಂದೊಂದು ನಿಮಿಷದ ಸರದಿಯಲ್ಲಿ ಒಂದು ಸಂಪರ್ಕ ಮುಗಿಯಲು ಐದಾರು ನಿಮಿಷ ಬೇಕು, ಲೆಕ್ಕ ನೀವೇ ಹಾಕಿ. ಹುಟ್ಟುವಾಗ ಜಪಾನ್, ಆಸ್ಟ್ರೇಲಿಯಾ ಸಿಗುತ್ತವೆ. ಮುಳುಗುವಾಗ ಯೂರೋಪು, ಅಲ್ಲೇ ದೊಡ್ಡ ಆಂಟೆನಾದವರು ಹೆಚ್ಚು. ನಿಮ್ಮ ಒಂಟಿ ಯಾಗಿಯ ಕೊರತೆಯನ್ನು ತುಂಬುವವರು ಅವರೇ. ನಿಮ್ಮದೇ ಪ್ರತಿಧ್ವನಿ ಕೇಳಲಿಲ್ಲ ಅಂತ ಗಾಬರಿಬೀಳಬೇಡಿ, ಒಂದು ಯಾಗಿಗೆ ಅದು ಕೇಳುವುದೂ ಇಲ್ಲ.

ಇನ್ನೊಂದು ಮಾತು. ಯಾಗಿ ದಿಗಂತಕ್ಕೆ ನೆಟ್ಟು ಪವರ್ ಬಿಡುವಾಗ ಅದರ ಮುಂದೆ ಯಾರನ್ನೂ ಬಿಡಬೇಡಿ. ಬೆಳಗಿನ ಜಾವ ಹೊಲದಲ್ಲಿ ಕುರಿಯವರು ಓಡಾಡುತ್ತಿರುತ್ತಾರೆ.

ರಾಯಚೂರಿನಿಂದ

ಬಳ್ಳಾರಿ ಓಎಂ (ಹ್ಯಾಮ್ ಗೆಳೆಯರು) ಹೇಳಿದ್ದು ಖರೆ ಅದ. ಆದ್ರ ಜಾಗ ಗೊತ್ತು ಮಾಡೋಕಿಂತ ಮೊದಲ ರೇಡಿಯೋ ಗದ್ದಲ ಅಳೀರಿ. 144ರಾಗ ಚಂದ್ರನಿಂದ ಬರೋದು ಸೂಜಿಮೊನೆಯಷ್ಟು ಸಿಗ್ನಲ್ಲು. ಬಿದ್ದದ್ದರಾಗ ನೂರಕ್ಕ ಏಳು ಪಾಲು ಅಷ್ಟೇ ಚಂದ್ರ ವಾಪಸ್ ಕಳಸ್ತಾನ. ಹೈಟೆನ್ಷನ್ ಲೈನು, ಸೋಲಾರ್ ಇನ್ವರ್ಟರ್, ಅಗ್ಗದ ಎಲ್‌ಇಡಿ ಲೈಟು, ಯಾವುದಾದ್ರೂ ಒಂದು ಇದ್ರ ಮುಗೀತು. ಸೆಟ್ಟಿನ ಎಜಿಸಿ (ದನಿ ತಾನೇ ಏರಿಸಿ ಇಳಿಸೋದು) ಬಂದ್ ಮಾಡಿ ಯಾಗಿ ಒಂದು ಸುತ್ತು ತಿರುಗಿಸಿ, ಯಾವ ದಿಕ್ಕಿಗೆ ಎಷ್ಟು ಏರ್ತದ ಬರಕೊಳ್ರಿ. ಮೂಡಣ, ಪಡುವಣ ಎರಡೂ ಶಾಂತ ಇರೋ ಹೊಲ ಸಿಗೋತನ ಹುಡುಕ್ರಿ. ಜನರೇಟರ್ ದೂರ ಇರಲಿ. ಕೇಳೋ ಸೆಟ್ಟು, ಲ್ಯಾಪ್‌ಟಾಪು ಬ್ಯಾಟರಿ ಮ್ಯಾಲೆ ನಡೀಲಿ.

ಮತ್ತ ಚಂದ್ರ ಧನು ರಾಶಿ ಕಡೆ ಇದ್ದಾಗ ಹಿಂದ ಆಕಾಶಗಂಗೆಯ ನಡುಭಾಗ ಇರ್ತದ. ಆಗ ನಿಮ್ಮ ಪ್ರಿ-ಆಂಪ್ ಎಷ್ಟೇ ಚಲೋ ಇದ್ರೂ ಆಕಾಶದ್ದೇ ಗದ್ದಲ. ಆ ಹೊತ್ತು ಮಲಕೊಳ್ರಿ.

ಕೊಪ್ಪಳದಿಂದ

ನಮ್ಮದು ಅಪ್ಪ, ನಾನು, ತಮ್ಮ, ಮೂರೇ ಜನರ ತಂಡ. ಒಬ್ಬರು ರೋಟರ್, ಒಬ್ಬರು ಕ್ಷೀಣ ಸಿಗ್ನಲ್ ಓದುವ ಡಬ್ಲ್ಯೂಎಸ್‌ಜೆಟಿ-ಎಕ್ಸ್ ಸಾಫ್ಟ್‌ವೇರ್, ಒಬ್ಬರು ಮುಂದೆ ಯಾರನ್ನು ಕರೆಯಬೇಕೆಂದು ನೋಡುವವರು. ಮೂವರೂ ಸ್ಕ್ರೀನಿಗೆ ಅಂಟಿಕೊಂಡರೆ ಯಾಗಿ ಚಂದ್ರನನ್ನು ಬಿಟ್ಟು ಹಿಂದೆ ಉಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಲ್ಯಾಪ್‌ಟಾಪಿನ ಗಡಿಯಾರ ಇಂಟರ್ನೆಟ್ಟಿನಿಂದಲೋ ಜಿಪಿಎಸ್‌ನಿಂದಲೋ ಸರಿಹೊಂದಿಸಿ. ಡಿಕೋಡ್ ಆದ ಸಾಲಿನಲ್ಲಿ ಡಿಟಿ ಅಂತ ಒಂದು ಅಂಕಿ ಬರುತ್ತದಲ್ಲ, ಅದು 2.5ರ ಆಸುಪಾಸು ಇದ್ದರೆ ಎರಡೂ ಕಡೆಯ ಗಡಿಯಾರ ಸರಿ ಇವೆ ಅಂತ ಅರ್ಥ. ಚಂದ್ರನಿಗೆ ಹೋಗಿ ಬರಲು ಅಷ್ಟು ಸೆಕೆಂಡು ಬೇಕು. ಮೊದಲ ಸಲ ಅದನ್ನು ನೋಡಿ ಅಪ್ಪ ಏನೋ ಕೆಟ್ಟಿದೆ ಅಂತ ಗಡಿಯಾರ ತಿದ್ದಲು ಹೊರಟಿದ್ದರು!

ಪಾಯಿಂಟ್ ಲೆಕ್ಕ: ಒಂದು ಸಂಪರ್ಕಕ್ಕೆ 100, ಒಟ್ಟನ್ನು ಹೊಸ ದೇಶಗಳ ಸಂಖ್ಯೆಯಿಂದ ಗುಣಿಸುತ್ತಾರೆ, ಅಮೆರಿಕದ ರಾಜ್ಯ, ಕೆನಡಾದ ಪ್ರಾಂತ್ಯ ಸಿಕ್ಕರೆ ಅವೂ ಲೆಕ್ಕಕ್ಕೆ. ಹಾಗಾಗಿ ಜರ್ಮನಿ ಒಂದು ಸಿಕ್ಕ ಮೇಲೆ ಇನ್ನೊಂದು ಜರ್ಮನಿಗಿಂತ ಇಟಲಿಗೆ ಕಾಯುವುದು ಮೇಲು.

ಹೊಸಪೇಟೆಯಿಂದ

ಯಾಗಿ ಮಾತು ಸಾಕು ಮಾಡಿ ಅಣ್ಣಾ. ಕೇಬಲ್ ಟಿವಿಯವರು ಬಿಟ್ಟುಹೋದ ಹಳೇ ಜಾಲರಿ ಡಿಶ್ ಸಿಕ್ಕರೆ 1296 ಮೆಗಾಹರ್ಟ್ಸ್‌ಗೆ ಹೋಗಿ. ಆಕಾಶದ ಗದ್ದಲ ಕಡಿಮೆ, ವೃತ್ತಾಕಾರದ ಪೋಲರೈಸೇಷನ್ (ಸುತ್ತುತ್ತ ಹೋಗುವ ಅಲೆ) ಇರುವುದರಿಂದ ಸಿಗ್ನಲ್ ಓರೆಯಾಗಿ ತಿರುಗಿ ಮಾಯವಾಗುವ ಕಾಟವೂ ಇಲ್ಲ.

ಬಳ್ಳಾರಿಯಿಂದ, ಮತ್ತೆ

ಡಿಶ್ ಒಳ್ಳೆಯದೇ. ಆದರೆ ಅದನ್ನು ಎತ್ತಿ ತಿರುಗಿಸುವ ಯಂತ್ರ ಕಟ್ಟುವುದರಲ್ಲೇ ಈ ಸಲದ ಕಾಂಟೆಸ್ಟ್ ಮುಗಿದಿರುತ್ತದೆ. ಓರೆ ತಿರುಗುವ ಕಾಟಕ್ಕೆ ಸದ್ಯದ ಮದ್ದು ತಾಳ್ಮೆ: ಈಗ ಸಿಗದ ಸ್ಟೇಷನ್ನನ್ನು ಕಾಲುಗಂಟೆ ಬಿಟ್ಟು ಮತ್ತೆ ಕರೆಯಿರಿ. ಗಂಗಾವತಿಯವರೇ, ಕಾಂಟೆಸ್ಟಿಗೆ ಮುಂಚೆ ಒಂದು ಸಾದಾ ಶನಿವಾರ ಚಂದ್ರ ಮುಳುಗುವ ಹೊತ್ತಿಗೆ ಬರೀ ಕೇಳಲು ಕೂತು ನೋಡಿ. ಎಷ್ಟು ಡಿಕೋಡ್ ಆದವು ಇಲ್ಲಿ ಬರೆಯಿರಿ. ಆಂಪ್ಲಿಫೈಯರ್ ವಿಷಯ ಆಮೇಲೆ ಮಾತಾಡೋಣ. 73 (ಹ್ಯಾಮ್‌ಗಳ ಶುಭಾಶಯ).