ಸಹಾಯ ಬೇಕು: ಪೈಥಾನ್ 3.12ರಲ್ಲಿ ಹಳೆಯ ಲೈಬ್ರರಿ ಓಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸ್ಕ್ಯಾನ್ ಮಾಡಿದ ಪುಟಗಳ ಓರೆ ಸರಿಪಡಿಸುವ ಒಂದು ಓಪನ್ ಸೋರ್ಸ್ ಲೈಬ್ರರಿ ಬಳಸುತ್ತಿದ್ದೇನೆ. ಕೆಲಸ ತುಂಬಾ ಚೆನ್ನಾಗಿ ಮಾಡುತ್ತದೆ, ಆದರೆ ವರ್ಷಗಳಿಂದ ಅದನ್ನು ಯಾರೂ ಮುಟ್ಟಿಲ್ಲ.

ಉಬುಂಟು 20.04ರಿಂದ 24.04ಕ್ಕೆ ಬಂದೆ. ಪೈಥಾನ್ 3.8 ಹೋಗಿ 3.12 ಬಂತು. ಇನ್‌ಸ್ಟಾಲ್ ಸಲೀಸಾಗಿ ಆಯಿತು, ಇಂಪೋರ್ಟ್ ಮಾಡಿದ ಕೂಡಲೇ ‘ನೋ ಮಾಡ್ಯೂಲ್ ನೇಮ್ಡ್ ಡಿಸ್ಟ್‌ಯುಟಿಲ್ಸ್’ ಎಂಬ ಎರರ್. ಪ್ಯಾಕೇಜ್ ಕಟ್ಟಲು ಪೈಥಾನ್ ಜೊತೆಗೇ ಬರುತ್ತಿದ್ದ ಆ ಮಾಡ್ಯೂಲನ್ನು 3.12ರಲ್ಲಿ ತೆಗೆದೇ ಬಿಟ್ಟಿದ್ದಾರೆ ಅಲ್ವಾ? ಅದರದೇ ಪ್ರತಿ ಇರುವ ಸೆಟಪ್‌ಟೂಲ್ಸ್ ಪ್ಯಾಕೇಜ್ ಹಾಕಿದ ಮೇಲೆ ಅದೇನೋ ದಾಟಿತು.

ನಿಜವಾದ ತಲೆನೋವು ಸಂಖ್ಯೆಗಳ ಲೆಕ್ಕಾಚಾರಕ್ಕೆ ಬಳಸುವ ನಂಪೈಯದು. ನನ್ನ ಲೈಬ್ರರಿಯ ಕೋಡ್ ತುಂಬಾ ‘ಎನ್‌ಪಿ.ಫ್ಲೋಟ್’ ಇದೆ; ಅದು ಪೈಥಾನ್‌ನ ದಶಮಾಂಶ ಸಂಖ್ಯೆಯ ಪ್ರಕಾರವಾದ ‘ಫ್ಲೋಟ್’ಗೆ ನಂಪೈ ಕೊಟ್ಟಿದ್ದ ಇನ್ನೊಂದು ಹೆಸರು. ನಂಪೈ 1.24ರಿಂದ ಆ ಹೆಸರೇ ಇಲ್ಲ. ಹಾಗಾದರೆ 1.23ರಲ್ಲೇ ನಿಲ್ಲೋಣ ಅಂದರೆ, ಪೈಥಾನ್ 3.12ಕ್ಕೆ ಕನಿಷ್ಠ 1.26 ಬೇಕು. ಎರಡಕ್ಕೂ ಹೊಂದುವ ಆವೃತ್ತಿಯೇ ಇಲ್ಲ!

ಪೈಥಾನ್ 3.8ಕ್ಕೆ 2024ರ ಅಕ್ಟೋಬರ್‌ನಲ್ಲೇ ಬೆಂಬಲ ನಿಂತಿದೆ, ಹಾಗಾಗಿ ಅದಕ್ಕೆ ವಾಪಸ್ ಹೋಗಲು ಮನಸ್ಸಿಲ್ಲ. ಪ್ರೋಗ್ರಾಂಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ ಡಾಕರ್‌ನಲ್ಲಿ ಹಳೆಯದನ್ನು ಬೇರೆ ಇಟ್ಟುಕೊಳ್ಳಬಹುದು, ಆದರೆ ಪ್ರತಿ ಪುಟವನ್ನೂ ಅದರೊಳಗೆ ಕಳಿಸಿ ತರಿಸುವುದು ಸುಮ್ನೆ ಜಾಸ್ತಿ ಕೆಲಸ. ಫೋರ್ಕ್ ಮಾಡಿ (ಕೋಡ್‌ನ ನನ್ನದೇ ಪ್ರತಿ ಮಾಡಿಕೊಂಡು) ‘ಎನ್‌ಪಿ.ಫ್ಲೋಟ್’ ಇರುವಲ್ಲೆಲ್ಲ ಬರೀ ‘ಫ್ಲೋಟ್’ ಎಂದು ಬದಲಿಸುವುದೇ ಸರಿ ಅನ್ನಿಸುತ್ತಿದೆ.

ಹೀಗೆ ಮಾಡಿದವರು ಯಾರಾದರೂ ಇದ್ದೀರಾ? ಹಳೆಯ ಮತ್ತು ಹೊಸ ಪೈಥಾನ್‌ನಲ್ಲಿ ಉತ್ತರ ಒಂದೇ ಬರುತ್ತದೆ ಎಂದು ಪರೀಕ್ಷಿಸುವುದು ಹೇಗೆ? ಲೈಬ್ರರಿಯಲ್ಲಿ ಟೆಸ್ಟ್‌ಗಳೇ ಇಲ್ಲ. ಮತ್ತೆ, ಈಗಲೇ ನಂಪೈ 2ಕ್ಕೂ ಸರಿಹೊಂದುವಂತೆ ಮಾಡಿಬಿಡಲೇ, ಅಥವಾ 1.26ರಲ್ಲೇ ಸ್ವಲ್ಪ ಕಾಲ ಇರಲೇ? ತಿಳಿದವರು ದಯವಿಟ್ಟು ಹೇಳಿ.