ಬಾಲ ಅಲ್ಲಾಡಿಸ್ತಿದ್ದ ನಾಯಿ ಬಾಯಿ ಹಾಕಿದ್ದು ಯಾಕೆ?

ಕೋಡಿಬಾಗದವ: ನಿನ್ನೆ ಸಂಜೆ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಒಂದು ಮಗು ಬೀದಿನಾಯಿಯ ತಲೆ ಸವರಲು ಹೋಯಿತು. ನಾಯಿ ಬಾಲ ಅಲ್ಲಾಡಿಸ್ತಾನೇ ಇತ್ತು, ತಟ್ಟನೆ ಬಾಯಿ ಹಾಕಿತು. ಇವನ್ನು ನಂಬೋದು ಹೇಗೆ ಮಾರಾಯ್ರೆ?

ಶಿರಸಿ ಮಾಣಿ: ಬಾಲ ಹೇಗೆ ಅಲ್ಲಾಡ್ತಿತ್ತು? ಸೊಂಟದ ಸಮೇತ ಸಡಿಲವಾಗಿ ಬೀಸಿದರೆ ಖುಷಿ. ಮೇಲೆತ್ತಿ ಸೆಟೆದು, ತುದಿ ಮಾತ್ರ ಅದುರುತ್ತಿದ್ದರೆ ಹತ್ತಿರ ಹೋಗಬಾರದು. 2007ರಲ್ಲಿ ಇಟಲಿಯ ವಿಜ್ಞಾನಿಗಳು 30 ನಾಯಿಗಳನ್ನು ಪರೀಕ್ಷಿಸಿದ್ದರು. ಯಜಮಾನನನ್ನು ಕಂಡಾಗ ಬಾಲ ಬಲಕ್ಕೆ ಜಾಸ್ತಿ ಬೀಸುತ್ತಿತ್ತು, ಗುರುತಿಲ್ಲದ ಜೋರಿನ ನಾಯಿ ಕಂಡಾಗ ಎಡಕ್ಕೆ.

ಕೋಡಿಬಾಗದವ: ಬೀಚಿಗೆ ಟೇಪು ತಗೊಂಡು ಹೋಗಬೇಕಾ ಹಾಗಾದರೆ?

ಕುಮಟಾ ಅಕ್ಕ: ಎಡ ಬಲ ಬಿಡಿ, ಮುಖ ನೋಡಿ. ತಿನ್ನಲು ಏನೂ ಇಲ್ಲದೆ ಮೂಗು ನೆಕ್ಕಿಕೊಳ್ಳುವುದು, ನಿದ್ದೆ ಇಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು. ಎಲ್ಲ ‘ದೂರ ಇರು’ ಅನ್ನುವುದೇ. ಒಂದೇ ಆಕಳಿಕೆ ನೋಡಿ ಹೆದರಬೇಡಿ, ಎರಡು ಮೂರು ಒಟ್ಟಿಗೆ ಕಂಡರೆ ಹಿಂದೆ ಸರಿಯಿರಿ. ಮೈ ಕಲ್ಲಾಗಿ ನಿಂತುಬಿಟ್ಟರಂತೂ ಮುಟ್ಟಲೇಬಾರದು. ತಲೆ ಮೇಲೆ ಕೈ ಚಾಚಿದರೆ ಎಷ್ಟೋ ನಾಯಿಗೆ ಹೆದರಿಕೆ, ಮಕ್ಕಳು ಮಾಡುವುದು ಅದನ್ನೇ.

ಬೈತಖೋಲದವ: ಇದೆಲ್ಲ ಸೋಫಾ ಮೇಲಿನ ನಾಯಿಗೆ ಸರಿ. ಬಂದರದಲ್ಲಿ ಗುರ್ ಅಂದರೆ ಒಂದು ಬಾರಿಸಬೇಕು. ಸುಮ್ನಾಗ್ತದೆ.

ಕುಮಟಾ ಅಕ್ಕ: ಗುರ್ ನಿಲ್ಲುತ್ತದೆ ತಮ್ಮಾ, ಹೆದರಿಕೆ ನಿಲ್ಲುವುದಿಲ್ಲ. ಹೊಡೆತ ತಿಂದ ನಾಯಿ ಮುಂದಿನ ಸಲ ಗುರ್ ಅನ್ನದೇ ಕಚ್ಚಬಹುದು.

ಬೈತಖೋಲದವ: ಬಂಗಡೆ ಬುಟ್ಟಿಗೆ ಬಾಯಿ ಹಾಕಿದರೂ ಕೈ ಮುಗಿಯೋದಾ?

ಕುಮಟಾ ಅಕ್ಕ: ಬುಟ್ಟಿಗೆ ಮುಚ್ಚಳ ಹಾಕಿ.

ಶಿರಸಿ ಮಾಣಿ: ಬೆಕ್ಕಿನ ಬಾಲ ಬೇರೆ ಲೆಕ್ಕ, ಅಲ್ವಾ? ನೆಟ್ಟಗೆ ಎತ್ತಿಕೊಂಡು ಬಂದರೆ ಸ್ನೇಹ, ಪಟಪಟ ಬಡಿದರೆ ಕಿರಿಕಿರಿ. ತೊಡೆ ಮೇಲೆ ಗುರುಗುರು ಅಂದರೆ ಖುಷಿ ಅಂತಲೇ ಅಲ್ಲ, ನೋವಿದ್ದಾಗಲೂ ಹಾಗೆ ಮಾಡುತ್ತವೆ. ಮೂಲೆ ಸೇರಿ ಊಟ ಬಿಟ್ಟರೆ ಡಾಕ್ಟರಿಗೆ ತೋರಿಸಿ.

ಬೈತಖೋಲದವ: ಬೆಕ್ಕಾದರೂ ಹೇಳಿ ಪರಚುತ್ತದೆ. ನಾಯಿ ವಿಷಯಕ್ಕೆ ನಾನು ಇನ್ನೂ ಒಪ್ಪಿಲ್ಲ.

ಕೋಡಿಬಾಗದವ: ಮಗುವಿಗೆ ರಕ್ತ ಬಂದಿಲ್ಲ, ಕೈ ಮೇಲೆ ಹಲ್ಲಿನ ಗೀರು ಇದೆ. ಸೂಜಿ ಬೇಕಾ?

ಕುಮಟಾ ಅಕ್ಕ: ಬೇಕು! ಚರ್ಮ ಗೀರಿದರೂ ರೇಬಿಸ್ ಲಸಿಕೆ ಹಾಕಿಸಲೇಬೇಕು. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಇವತ್ತೇ ಆಸ್ಪತ್ರೆಗೆ ಹೋಗಲು ಹೇಳಿ. ಮನೆಯವರ ನಂಬರ್ ಇದ್ಯಾ ನಿಮ್ಮ ಹತ್ತಿರ?