ಚಾಕೊಲೇಟಿನ ಮೌಲ್ಡಿಗೆ ಅಚ್ಚು, ಫಾಯಿಲಿಗೆ ಬೇಗಡೆ

ಮಾನ್ಯರೇ,

ಬೆಂಗಳೂರಿನ ವಿದ್ಯಾರ್ಥಿಗಳು ತಾವೇ ತಯಾರಿಸಿ ಮಾರುವ ಚಾಕೊಲೇಟಿನ ಪೆಟ್ಟಿಗೆಗೂ ಮಳಿಗೆಯ ಫಲಕಕ್ಕೂ ನಾಳೆ ಸಂಜೆಯೊಳಗೆ ಕನ್ನಡ ಪದಗಳು ಬೇಕೆಂದು ನಮ್ಮ ಈ ಪದಚರ್ಚೆಯ ಬಳಗದಲ್ಲಿ ಕೇಳಿ ಎರಡು ದಿನವಾಯಿತು. ಮುದ್ರಣಕ್ಕೆ ಕೊಡಬೇಕಾದ ಅವರಿಗೆ ಇದುವರೆಗೆ ಸಿಕ್ಕಿರುವುದು ವಾದ ಮಾತ್ರ. ಅವರ ಕರಡಿನಲ್ಲಿ ಯಂತ್ರಾನುವಾದವು ಮೌಲ್ಡನ್ನು ‘ಬೂಷ್ಟು’ ಎಂದು ಮಾಡಿದೆ. ಇಂಗ್ಲಿಷಿನಲ್ಲಿ ಅಚ್ಚಿಗೂ ಬೂಷ್ಟಿಗೂ ಒಂದೇ ಪದವಿರುವುದರಿಂದ ಆದ ತಪ್ಪು ಅದು. ತಿನ್ನುವ ಪದಾರ್ಥದ ಮೇಲೆ ಅದು ಅಚ್ಚಾಗಬಾರದು.

ಮೌಲ್ಡಿಗೆ ಕನ್ನಡದಲ್ಲಿ ಅಚ್ಚು ಎಂಬ ಪದವಿದೆ, ಹೊಸದನ್ನು ಕಟ್ಟುವ ಅಗತ್ಯವಿಲ್ಲ. ಸಂಕ್ರಾಂತಿಗೆ ಎಳ್ಳು ಬೀರುವ ಮನೆಗಳಲ್ಲಿ ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಬಿಗಿಯಾಗಿ ಕಟ್ಟಿ, ಪಾಕ ಹೊಯ್ದು, ಆರಿದ ಮೇಲೆ ಬಿಡಿಸಿ ತೆಗೆಯುವ ಸಕ್ಕರೆ ಅಚ್ಚಿಗೂ ಈ ಮಕ್ಕಳು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಅಚ್ಚಿನಲ್ಲಿ ಮಾಡುವ ಚಾಕೊಲೇಟಿಗೂ ಕೆಲಸದ ಕ್ರಮ ಬಹುಮಟ್ಟಿಗೆ ಒಂದೇ. ವ್ಯತ್ಯಾಸವಿರುವುದು ನೀರಿನಲ್ಲಿ: ಸಕ್ಕರೆಯ ಅಚ್ಚು ನೆನೆದಿರಬೇಕು, ಚಾಕೊಲೇಟಿನ ಅಚ್ಚಿನಲ್ಲಿ ಒಂದು ಹನಿ ನೀರೂ ಇರಬಾರದು. ಹದವಾಗಿ ಕಾಯಿಸಿ ತಣಿಸಿದ ಚಾಕೊಲೇಟು ಗಟ್ಟಿಯಾಗುವಾಗ ತುಸು ಕುಗ್ಗಿ ತಾನಾಗಿಯೇ ಅಚ್ಚನ್ನು ಬಿಡುತ್ತದೆ. ಆದ್ದರಿಂದ ಫಲಕದಲ್ಲಿ ‘ಅಚ್ಚಿಗೆ ಹೊಯ್ಯುವುದು’, ‘ಅಚ್ಚಿನಿಂದ ಬಿಡಿಸುವುದು’ ಎಂದೇ ಬರೆಯಿರಿ.

ಮೌಲ್ಡಿಗೆ ಬಳಗದ ಇತರರು ಸೂಚಿಸಿದ ಪಡಿಯಚ್ಚು, ಮೂಸೆ, ಎರಕ ಎಂಬ ಪದಗಳನ್ನು ನಾನು ಒಪ್ಪುವುದಿಲ್ಲ. ಪಡಿಯಚ್ಚು ಎಂದರೆ ಅಚ್ಚಿನಿಂದ ಹೊರಬಂದ ಪ್ರತಿರೂಪ, ಅಚ್ಚಲ್ಲ. ಮೂಸೆ ಅಕ್ಕಸಾಲಿಗರು ಚಿನ್ನ ಕರಗಿಸುವ ಪಾತ್ರೆ. ಎರಕ ಎಂಬುದು ಎರೆಯುವ ಕ್ರಿಯೆಗೆ ಸಲ್ಲುತ್ತದೆ. ಅಚ್ಚು ಸಂಸ್ಕೃತದ ಅಕ್ಷದಿಂದ ಬಂದಿದೆಯೆಂದು ಹಿರಿಯರೊಬ್ಬರು ಬರೆದಿದ್ದಾರೆ. ಆ ಮಾತು ಗಾಡಿಯ ಅಚ್ಚಿಗೆ ಹೊಂದಬಹುದು. ರೂಪ ಒತ್ತುವ ಅಚ್ಚು ತಮಿಳು, ತೆಲುಗು, ಮಲಯಾಳಗಳಲ್ಲೂ ಇದೇ ಅರ್ಥದಲ್ಲಿರುವ ದ್ರಾವಿಡ ಪದ. ಅಚ್ಚೊತ್ತು, ಅಚ್ಚುಮೊಳೆ, ಅಚ್ಚುಕೂಟ, ಅಚ್ಚು ಬೆಲ್ಲ ಎಲ್ಲವೂ ಅದರ ಸಂತಾನ. ಉಚ್ಚಾರಣೆ ಒಂದಾದ ಮಾತ್ರಕ್ಕೆ ಎರಡು ಪದಗಳು ಒಂದಾಗುವುದಿಲ್ಲ.

ಪ್ಯಾಕೇಜಿಂಗಿಗೆ ಕೆಲವರು ಸೂಚಿಸಿದ ‘ಸಂವೇಷ್ಟನ’ ಬೇಡವೇ ಬೇಡ. ಪೊಟ್ಟಣ, ರಟ್ಟಿನ ಪೆಟ್ಟಿಗೆ, ಹೊದಿಕೆ ಎಂಬ ಮೂರು ಪದಗಳು ಮೂರು ಬೇರೆ ವಸ್ತುಗಳನ್ನು ತೋರಿಸುತ್ತವೆ. ಎಲ್ಲವನ್ನೂ ಒಂದೇ ಪದದಲ್ಲಿ ತುಂಬಬೇಕೆಂಬ ಹಟವೇ ತೊಡಕಿನ ಮೂಲ. ಒಳಗೆ ಸುತ್ತುವ ಹೊಳೆಯುವ ಫಾಯಿಲಿಗೆ ಬೇಗಡೆ ಎಂಬ ಚೆಲುವಾದ ಪದವಿದೆ. ಹಬ್ಬದ ಮಂಟಪಕ್ಕೆ ಅಂಟಿಸುತ್ತಿದ್ದ ಬಣ್ಣದ ಬೇಗಡೆಯನ್ನು ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಎಳೆಯರಿಗೆ ತಿಳಿಯದೆಂಬ ಆಕ್ಷೇಪವನ್ನು ನಾನು ಬಲ್ಲೆ. ‘ಬೇಗಡೆ ಕಾಗದ’ ಎಂದು ಬರೆದರೆ ವಸ್ತು ಕೈಯಲ್ಲೇ ಇರುವುದರಿಂದ ಅರ್ಥ ತಾನಾಗಿ ತಿಳಿಯುತ್ತದೆ.

ಚಾಕೊಲೇಟು ಎಂಬ ಪದಕ್ಕೇ ಅಚ್ಚಗನ್ನಡದ ಬದಲಿ ಬೇಕೆಂದವರಿಗೆ ಒಂದು ಮಾತು. ಅದು ಮೆಕ್ಸಿಕೋದಿಂದ ಸ್ಪ್ಯಾನಿಷಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದ ಎರವಲು. ಇಂಗ್ಲಿಷಿನವರೂ ಅದಕ್ಕೆ ಸ್ವಂತ ಪದ ಹುಡುಕಲಿಲ್ಲ. ಕಾಗದ ಪಾರಸಿಯಿಂದ ಬಂದದ್ದು, ಅದನ್ನು ನಾವು ಹೊರಗಿನದೆಂದು ಭಾವಿಸುತ್ತೇವೆಯೇ? ಪುತ್ತೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯ ಚಾಕೊಲೇಟು ಕಾರ್ಖಾನೆ 1986ರಿಂದ ನಡೆಯುತ್ತಿದೆ, ಕರಾವಳಿಯ ಬೆಳೆಗಾರರ ಬಾಯಲ್ಲಿ ಕೊಕ್ಕೋ ಕನ್ನಡವೇ ಆಗಿದೆ. ಎರವಲಿನ ವಿಷಯದಲ್ಲಿ ನನ್ನ ನಿಲುವು ಇಷ್ಟೆ: ವಸ್ತುವಿನೊಡನೆ ಬಂದ ಹೆಸರು ಇರಲಿ, ನಮ್ಮಲ್ಲಿ ಮೊದಲೇ ಇದ್ದ ಕೆಲಸದ ಪದವನ್ನು ಅಟ್ಟಿ ಬಂದದ್ದು ಬೇಡ.

ಕಾನೂನಿನ ಒಂದು ಅಂಶವನ್ನೂ ಗಮನಿಸಿ. 2020ರ ಆಹಾರ ಲೇಬಲ್ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು. ಕನ್ನಡವನ್ನು ಅವುಗಳ ಜೊತೆಗೆ ಸೇರಿಸಲು ಅಡ್ಡಿಯಿಲ್ಲ. ಕನ್ನಡ ಮಾತ್ರ ಇರುವ ಪೆಟ್ಟಿಗೆ ಸಾಲದು.

ಇನ್ನು ಯಾರೂ ಹೆಚ್ಚು ಗಮನ ಕೊಡದ, ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಪದ ‘ಬ್ಲೂಮ್’. ಬೆಂಗಳೂರಿನ ಏಪ್ರಿಲ್ ಬಿಸಿಲಿಗೆ ಚಾಕೊಲೇಟು ಮೆತ್ತಗಾಗಿ ಮತ್ತೆ ಗಟ್ಟಿಯಾದಾಗ ಅದರೊಳಗಿನ ಕೊಬ್ಬಾದ ಕೊಕ್ಕೋ ಬೆಣ್ಣೆ ಮೇಲಕ್ಕೆ ಬಂದು ಬೆಳ್ಳಗೆ ಹರಡುತ್ತದೆ, ಕೊಳ್ಳುವವರು ಅದನ್ನೇ ಬೂಷ್ಟೆಂದು ತಿಳಿದು ಎಸೆಯುತ್ತಾರೆ. ಇದೇ ಬ್ಲೂಮ್. ಇಂಗ್ಲಿಷಿನ ಆ ಪದಕ್ಕೆ ಹೂ ಅರಳುವುದೆಂಬ ಅರ್ಥವೂ ಇರುವುದರಿಂದ ‘ಅರಳು’ ಎಂದು ಸೂಚಿಸಿದವರು ಪದಕೋಶವನ್ನು ನೋಡಿದ್ದಾರೆಯೇ ಹೊರತು ಚಾಕೊಲೇಟನ್ನು ನೋಡಿಲ್ಲ. ಕಣ್ಣಿಗೆ ಹೂ ಬೀಳುವುದು ಎಂಬ ಬಳಕೆ ನಮ್ಮಲ್ಲಿರುವುದರಿಂದ ‘ಹೂ’ ಎಂಬುದು ಪೂರ್ತಿ ಅಸಂಗತವಲ್ಲ, ಆದರೆ ಅಂಗಡಿಯಲ್ಲಿ ನಿಂತು ಓದುವವರಿಗೆ ಅದು ಹೊಳೆಯುವುದಿಲ್ಲ. ಬಿಳಿ ಪೊರೆ ಎನ್ನಿ. ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ, ತೆರೆದ ಕೂಡಲೇ ಕಾಣುವಂತೆ, ಈ ಸಾಲನ್ನು ಹಾಕಿಸಿ: ‘ಬಿಸಿಗೆ ಮೇಲೆ ಬರುವ ಬಿಳಿ ಪೊರೆ ಕೊಕ್ಕೋ ಬೆಣ್ಣೆಯದು; ಬೂಷ್ಟಲ್ಲ.’